ತೊಂಬತ್ಮೂರು ಎಂದರೆ ಎಷ್ಟು?

2024ರ ಡಿಸೆಂಬರ್ ತಿಂಗಳ ಕೊನೆಯ ಭಾಗದ ಒಂದು ಸಂಜೆ, ಹಿಂದೆ ನನ್ನ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದ ಸ್ನೇಹಿತರೊಬ್ಬರು ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದರು. ಜತೆಗೆ ಮಗಳಿದ್ದಳು. ಹತ್ತನೆಯ ತರಗತಿಯವರೆಗೆ ತಾಲ್ಲೂಕು ಕೇಂದ್ರದ ಕನ್ನಡ ಶಾಲೆಯಲ್ಲಿ ಓದಿ, ಅನಂತರ ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ. ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಯಲ್ಲಿ ಅವಳಿಗೆ ‘93.40’ ಬಂದಿತ್ತು. ‘ತೊಂಬತ್ಮೂರು ಸರ್’ ಎಂದು ತಂದೆ ಎರಡು ಬಾರಿ ಹೇಳಿದರು. ನಾನೂ ಹಿಗ್ಗಿದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರದ ಅಂಕಿಅಂಶಗಳ ನಡುವೆಯೇ ಬದುಕಿದವನು, ಆ ಕಾಗದವನ್ನು ಸರಿಯಾಗಿ ಓದದೆ ಒಂದು ಸಲಹೆಯನ್ನೂ ಕೊಟ್ಟುಬಿಟ್ಟೆ: ‘ಇಷ್ಟು ಬಂದ ಮೇಲೆ ಬೇರೆ ಸಂಸ್ಥೆಗಳಿಗೆಲ್ಲ ಅರ್ಜಿ ಹಾಕಿ ಹಣ ಕಳೆಯಬೇಡಿ.’

ಅವರು ನನ್ನ ಮಾತನ್ನು ನಂಬಿದರು. ಜನವರಿ ಕಳೆಯಿತು, ಫೆಬ್ರುವರಿಯೂ ಕಳೆಯಿತು. ಅವಳು ಆಸೆಯಿಟ್ಟಿದ್ದ ಯಾವ ಸಂಸ್ಥೆಯಿಂದಲೂ ಸಂದರ್ಶನದ ಕರೆ ಬರಲಿಲ್ಲ. ಅಷ್ಟರಲ್ಲಿ, ಅವಳಿಗೆ ಸೀಟು ಸಿಗುವ ಸಾಧ್ಯತೆ ನಿಜಕ್ಕೂ ಇದ್ದ ಹಲವು ಸಂಸ್ಥೆಗಳ ಅರ್ಜಿಯ ಗಡುವು ಮುಗಿದಿತ್ತು. ಕ್ಯಾಟ್ ಅಂಕ ಊರ್ಜಿತವಾಗಿರುವುದು ಒಂದೇ ವರ್ಷದ ಪ್ರವೇಶಕ್ಕೆ. ಒಂದು ವರ್ಷ ಹಾಗೆಯೇ ಹೋಯಿತು. ಈ ನಷ್ಟದಲ್ಲಿ ನನ್ನ ಪಾಲಿರುವುದರಿಂದ, ನಾನು ತಡವಾಗಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ತಲೆಮಾರಿನವರ ಮನಸ್ಸನ್ನು ರೂಪಿಸಿದ್ದು ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ. ಮೂವತ್ತೈದು ಎಂದರೆ ಪಾಸು, ಅರವತ್ತು ಎಂದರೆ ಪ್ರಥಮ ದರ್ಜೆ, ತೊಂಬತ್ತು ದಾಟಿದರೆ ಊರಿಗೇ ಹೆಸರು. ಇದು ಶೇಕಡಾವಾರು ಲೆಕ್ಕ. ನೂರು ಅಂಕಗಳಲ್ಲಿ ವಿದ್ಯಾರ್ಥಿ ಎಷ್ಟು ಗಳಿಸಿದ ಎಂಬುದನ್ನಷ್ಟೇ ಅದು ಹೇಳುತ್ತದೆ. ಪಕ್ಕದವನು ಎಷ್ಟು ಗಳಿಸಿದ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ಯಾಟ್ ಕೊಡುವುದು ಪರ್ಸೆಂಟೈಲ್. ಹೆಸರಿನಲ್ಲಿ ಇವೆರಡೂ ಅಣ್ಣತಮ್ಮಂದಿರಂತೆ ಕಂಡರೂ ಅರ್ಥದಲ್ಲಿ ಬೇರೆ ಬೇರೆ. ಪರೀಕ್ಷೆ ಬರೆದವರನ್ನೆಲ್ಲ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ನೂರಕ್ಕೆ ಎಷ್ಟು ಮಂದಿ ನಿಮ್ಮ ಹಿಂದಿದ್ದಾರೆ ಎಂಬುದನ್ನು ಪರ್ಸೆಂಟೈಲ್ ಹೇಳುತ್ತದೆ. ಅದು ಸಾಲಿನಲ್ಲಿ ನಿಮ್ಮ ಜಾಗ, ನಿಮ್ಮ ಅಂಕವಲ್ಲ.

ಸಾಲಿನ ಉದ್ದ ತಿಳಿಯದೆ ಜಾಗದ ಬೆಲೆ ತಿಳಿಯದು. 2024ರ ನವೆಂಬರ್ 24ರಂದು ನಡೆದ ಕ್ಯಾಟ್‌ಗೆ ಹೆಸರು ನೋಂದಾಯಿಸಿದವರು ಸುಮಾರು 3.29 ಲಕ್ಷ, ಬರೆದವರು ಸುಮಾರು 2.93 ಲಕ್ಷ. ಹಾಗಾದರೆ 93.40 ಎಂದರೆ ನೂರಕ್ಕೆ 6.6 ಮಂದಿ ಮುಂದಿದ್ದಾರೆ ಎಂದರ್ಥ. ಲೆಕ್ಕ ಹಾಕಿದರೆ ಸುಮಾರು 19,300 ಜನ. 99 ಪಡೆದವರ ಮುಂದೆಯೂ 2,900ಕ್ಕೂ ಹೆಚ್ಚು ಜನರಿರುತ್ತಾರೆ. ನಮ್ಮ ಸ್ನೇಹಿತರಿಗೆ ಯಾರಾದರೂ ‘ನಿಮ್ಮ ಮಗಳ ರ‍್ಯಾಂಕ್ ಹತ್ತೊಂಬತ್ತು ಸಾವಿರ ಚಿಲ್ಲರೆ’ ಎಂದಿದ್ದರೆ ಅವರು ಒಡನೆಯೇ ಅರ್ಥಮಾಡಿಕೊಳ್ಳುತ್ತಿದ್ದರು. ಸಿಇಟಿಯ ದೆಸೆಯಿಂದ ರ‍್ಯಾಂಕಿನ ಭಾಷೆ ಕರ್ನಾಟಕದ ಪ್ರತಿ ಮನೆಗೂ ಗೊತ್ತು. ಪರ್ಸೆಂಟೈಲಿನ ಭಾಷೆ ಇನ್ನೂ ಗೊತ್ತಿಲ್ಲ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಕೂಡ 2019ರಿಂದ ಇದೇ ಭಾಷೆಯಲ್ಲಿ ಫಲಿತಾಂಶ ಕೊಡುತ್ತಿರುವುದರಿಂದ, ಈ ಅಜ್ಞಾನದ ಬೆಲೆ ತೆರುವ ಕುಟುಂಬಗಳ ಸಂಖ್ಯೆ ಹೆಚ್ಚುತ್ತಲೇ ಇದೆ.

ಇನ್ನು ಪರೀಕ್ಷೆಯ ಸ್ವರೂಪ. 2008ರವರೆಗೆ ಕಾಗದದ ಮೇಲೆ ನಡೆಯುತ್ತಿದ್ದ ಕ್ಯಾಟ್ 2009ರಲ್ಲಿ ಕಂಪ್ಯೂಟರಿಗೆ ಬಂತು. ಆಗ ಹಲವು ದಿನಗಳ ಕಾಲ ನಡೆಯುತ್ತಿದ್ದುದು 2015ರಿಂದ ಒಂದೇ ದಿನಕ್ಕೆ ಇಳಿಯಿತು. 2019ರವರೆಗೆ ನೂರು ಪ್ರಶ್ನೆ, ಮೂರು ಗಂಟೆ. ಕೋವಿಡ್ ಬಂದ 2020ರಲ್ಲಿ ಅವಧಿಯನ್ನು ಎರಡು ಗಂಟೆಗೆ ಇಳಿಸಲಾಯಿತು. ಸಾಂಕ್ರಾಮಿಕ ಹೋದರೂ ಅವಧಿ ಹಿಂದಕ್ಕೆ ಹೋಗಲಿಲ್ಲ. 2024ರ ಪತ್ರಿಕೆಯಲ್ಲಿದ್ದದ್ದು 68 ಪ್ರಶ್ನೆಗಳು: ಇಂಗ್ಲಿಷ್ ಓದು ಮತ್ತು ಭಾಷಾ ಸಾಮರ್ಥ್ಯದ 24, ದತ್ತಾಂಶ ವಿಶ್ಲೇಷಣೆ ಮತ್ತು ತರ್ಕದ 22, ಗಣಿತದ 22. ಪ್ರತಿ ವಿಭಾಗಕ್ಕೂ ನಲವತ್ತು ನಿಮಿಷ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ, ಮುಗಿದ ವಿಭಾಗಕ್ಕೆ ಹಿಂದಿರುಗುವಂತಿಲ್ಲ. ಗಣಿತವು ಬಹುಮಟ್ಟಿಗೆ ಪ್ರೌಢಶಾಲೆಯ ಅಂಕಗಣಿತ, ಬೀಜಗಣಿತಗಳದೇ. ಪರೀಕ್ಷಿಸುವುದು ಜ್ಞಾನಕ್ಕಿಂತ ಹೆಚ್ಚಾಗಿ ಅದನ್ನು ಒತ್ತಡದಲ್ಲಿ ಬಳಸುವ ಬಗೆಯನ್ನು. ಎಲ್ಲವನ್ನೂ ಬಿಡಿಸಲೆಂದು ಇಟ್ಟ ಪತ್ರಿಕೆ ಇದಲ್ಲ. ಇತ್ತೀಚಿನ ವರ್ಷಗಳಲ್ಲಿ ಒಟ್ಟು ಅಂಕಗಳ ಹೆಚ್ಚುಕಡಿಮೆ ಅರ್ಧದಷ್ಟನ್ನು ಗಳಿಸಿದವರೇ 99 ಪರ್ಸೆಂಟೈಲಿನ ಆಸುಪಾಸಿನಲ್ಲಿ ನಿಂತಿದ್ದಾರೆ. ಯಾವುದನ್ನು ಬಿಡಬೇಕು ಎಂಬ ವಿವೇಕಕ್ಕೂ ಇಲ್ಲಿ ಅಂಕವಿದೆ. ಒಂದು ಪ್ರಶ್ನೆಯನ್ನೂ ಬಿಡಬಾರದೆಂದು ಹನ್ನೆರಡು ವರ್ಷ ಹೇಳಿಸಿಕೊಂಡು ಬೆಳೆದ ನಮ್ಮ ಮಕ್ಕಳಿಗೆ ಈ ಮಾತು ಮನಸ್ಸಿಗೆ ಇಳಿಯುವುದೇ ಕಷ್ಟ.

ಅಂಕ ಕೊಡುವ ನಿಯಮವೂ ಗಮನಿಸತಕ್ಕದ್ದು. ಸರಿಯುತ್ತರಕ್ಕೆ ಮೂರು ಅಂಕ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ ಒಂದು ಅಂಕ ಕಡಿತ. ನಮ್ಮ ಮನೆಗಳಲ್ಲಿ ಇದಕ್ಕೆ ‘ಗೊತ್ತಿಲ್ಲದಿದ್ದರೆ ಮುಟ್ಟಬೇಡ’ ಎಂಬ ಸರಳ ವ್ಯಾಖ್ಯಾನವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಬೇರೆ ಲೆಕ್ಕ ಹಾಕುತ್ತೇನೆ. ಇಪ್ಪತ್ತು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ ಐದು ಸರಿಯಾಗಿ ಹದಿನೈದು ಅಂಕ ಬರುತ್ತದೆ. ಹದಿನೈದು ತಪ್ಪಾಗಿ ಹದಿನೈದು ಅಂಕ ಹೋಗುತ್ತದೆ. ಉಳಿಯುವುದು ಸೊನ್ನೆ. ಕುರುಡು ಊಹೆಗೆ ದೀರ್ಘಕಾಲದಲ್ಲಿ ಲಾಭವೂ ಇರಬಾರದು, ನಷ್ಟವೂ ಇರಬಾರದು ಎಂಬ ಲೆಕ್ಕಕ್ಕೆ ಈ ಮೂರು-ಒಂದರ ಅನುಪಾತ ಸರಿಯಾಗಿ ಹೊಂದುತ್ತದೆ. ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೂ ಲೆಕ್ಕ ಬದಲಾಗುತ್ತದೆ: ಉಳಿದ ಮೂರರಲ್ಲಿ ಊಹಿಸುವ ಪ್ರತಿ ಪ್ರಶ್ನೆಗೆ ಸರಾಸರಿ ಮೂರನೇ ಒಂದು ಅಂಕದ ಲಾಭ. ಎರಡು ಆಯ್ಕೆಗಳನ್ನು ತಳ್ಳಿಹಾಕಬಲ್ಲವನಿಗೆ ಪ್ರತಿ ಪ್ರಶ್ನೆಗೆ ಸರಾಸರಿ ಒಂದು ಅಂಕ. ಅರ್ಧ ತಿಳಿದವನು ಸುಮ್ಮನೆ ಬಿಡುವುದೂ ಒಂದು ನಷ್ಟವೇ.

ಇದಲ್ಲದೆ, ಆಯ್ಕೆಗಳಿಲ್ಲದೆ ಉತ್ತರವನ್ನು ತಾವೇ ಟೈಪ್ ಮಾಡಬೇಕಾದ ಕೆಲವು ಪ್ರಶ್ನೆಗಳಿರುತ್ತವೆ. 2015ರಿಂದ ಬಂದಿರುವ ಈ ಪ್ರಶ್ನೆಗಳಲ್ಲಿ ತಪ್ಪಿಗೆ ಕಡಿತವಿಲ್ಲ. ನಮ್ಮ ಹುಡುಗಿ ಇಂಗ್ಲಿಷ್ ವಿಭಾಗದಲ್ಲಿ ಇಂಥ ಮೂರು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಿದ್ದಳು. ‘ಯಾವುದೇ ತಪ್ಪಿಗೂ ಒಂದಂಕ ಹೋಗುತ್ತದೆ’ ಎಂದು ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದ್ದನಂತೆ. ನಾಲ್ಕು ವಾಕ್ಯಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಗೆ ಊಹೆಯ ಉತ್ತರ ಸರಿಯಾಗುವ ಸಂಭವ ಇಪ್ಪತ್ನಾಲ್ಕರಲ್ಲಿ ಒಂದು ಮಾತ್ರ, ನಿಜ. ಆದರೂ ಪುಕ್ಕಟೆ ಸಿಗುವ ಅವಕಾಶವನ್ನು ಬಿಡಲು ಕಾರಣವಿರಲಿಲ್ಲ.

ಮೂರನೆಯ ಸಂಗತಿ, ಅನೇಕರು ಅನುಮಾನದಿಂದ ನೋಡುವ ಸಾಮಾನ್ಯೀಕರಣ. ಒಂದೇ ದಿನವಾದರೂ ಪರೀಕ್ಷೆ ಈಗ ಮೂರು ಅವಧಿಗಳಲ್ಲಿ ನಡೆಯುತ್ತದೆ. ಮೂರಕ್ಕೂ ಬೇರೆ ಬೇರೆ ಪತ್ರಿಕೆ. ಬೆಳಗಿನದು ಸುಲಭ, ಸಂಜೆಯದು ಕಠಿಣವಾದರೆ ಸಂಜೆ ಬರೆದವರಿಗೆ ಅನ್ಯಾಯವಾಗದೇ? ಹಳ್ಳಿಯೊಂದರಲ್ಲಿ ಮೂರು ಮನೆಯವರು ಮೂರು ಬೇರೆ ಬೇರೆ ಗಾತ್ರದ ಸೇರುಗಳಲ್ಲಿ ರಾಗಿ ಅಳೆದು ತಂದರೆ, ಯಾರದು ಹೆಚ್ಚೆಂದು ಹೇಳುವ ಮೊದಲು ಸೇರುಗಳನ್ನು ಒಂದೇ ಮಾನಕ್ಕೆ ತರಬೇಕಷ್ಟೆ. ಹಾಗೆಯೇ ಪ್ರತಿ ಅವಧಿಯಲ್ಲೂ ಅಂಕಗಳು ಎಲ್ಲಿ ಕೇಂದ್ರೀಕೃತವಾಗಿವೆ, ಎಷ್ಟು ಹರಡಿವೆ ಎಂಬುದನ್ನು ನೋಡಿ ಮೂರನ್ನೂ ಒಂದೇ ಅಳತೆಗೆ ಹೊಂದಿಸುತ್ತಾರೆ. ಅಂಕಪಟ್ಟಿಯಲ್ಲಿ ಕಾಣುವುದು ಹೀಗೆ ಹೊಂದಿಸಿದ ಅಂಕ. ಆದ್ದರಿಂದಲೇ ಉತ್ತರಸೂಚಿ ನೋಡಿ ಮನೆಯಲ್ಲಿ ಕೂಡಿಸಿಟ್ಟ ಅಂಕಕ್ಕೂ ಫಲಿತಾಂಶಕ್ಕೂ ತಾಳೆಯಾಗುವುದಿಲ್ಲ. ಇದರಲ್ಲಿ ಮೋಸವಿಲ್ಲ. ಮೋಸದ ಇತಿಹಾಸ ಬೇಕಿದ್ದರೆ 2003ಕ್ಕೆ ಹೋಗಬೇಕು. ಆ ವರ್ಷ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಇಡೀ ಪರೀಕ್ಷೆಯನ್ನೇ ರದ್ದುಗೊಳಿಸಿ 2004ರ ಫೆಬ್ರುವರಿಯಲ್ಲಿ ಮತ್ತೆ ನಡೆಸಬೇಕಾಯಿತು.

ಪತ್ರಿಕೆಗಳ ಮುಖಪುಟದಲ್ಲಿ ಪ್ರತಿ ವರ್ಷ ಕಾಣುವ ‘ನೂರು ಪರ್ಸೆಂಟೈಲ್’ ಸಾಧಕರ ಬಗ್ಗೆಯೂ ಒಂದು ಮಾತು. 2023ರಲ್ಲೂ ಹದಿನಾಲ್ಕು ಮಂದಿ, 2024ರಲ್ಲೂ ಹದಿನಾಲ್ಕು ಮಂದಿ. ಹದಿನಾಲ್ವರೂ ಎಲ್ಲಕ್ಕೂ ಸರಿಯುತ್ತರ ಬರೆದವರೆಂದು ನಾನು ತಿಳಿದಿದ್ದೆ. ನಿಜಾಂಶವೆಂದರೆ ಪರ್ಸೆಂಟೈಲನ್ನು ಎರಡು ದಶಮಾಂಶ ಸ್ಥಾನಗಳಿಗೆ ದುಂಡಾಗಿಸುತ್ತಾರೆ, 99.995 ಅಥವಾ ಅದಕ್ಕೂ ಮೇಲಿನದೆಲ್ಲ ನೂರಾಗುತ್ತದೆ. 2.93 ಲಕ್ಷ ಜನರ ಸಾಲಿನಲ್ಲಿ ಹದಿನಾಲ್ಕನೆಯವರು ಆ ಗೆರೆಯ ಮೇಲಿರುತ್ತಾರೆ, ಹದಿನೈದನೆಯವರು ಕೆಳಗೆ ಬೀಳುತ್ತಾರೆ. ಸಾಧಕರ ಪ್ರತಿಭೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಹದಿನಾಲ್ಕು ಎಂಬ ಸಂಖ್ಯೆ ಬಂದದ್ದು ದುಂಡಾಗಿಸುವ ನಿಯಮದಿಂದ. ಹದಿನೈದನೆಯ ವಿದ್ಯಾರ್ಥಿಗೂ ಅವರಿಗೂ ನಡುವೆ ಯಾವ ಕಂದಕವೂ ಇಲ್ಲ.

ಇದೇ ಮಾತು ಕೆಳಗಿನ ಗೆರೆಗಳಿಗೂ ಅನ್ವಯಿಸುತ್ತದೆ. 98.9 ಪಡೆದವನಿಗೂ 99.2 ಪಡೆದವನಿಗೂ ನಡುವೆ ಸುಮಾರು 880 ಜನರಿದ್ದಾರೆ. ಆದರೆ ಉತ್ತರಪತ್ರಿಕೆಯಲ್ಲಿ ಅವರಿಬ್ಬರ ಅಂತರ ಕೆಲವೇ ಪ್ರಶ್ನೆಗಳದ್ದಾಗಿರಬಹುದು. ನವೆಂಬರಿನ ಒಂದು ದಿನ, ನೆಗಡಿಯೋ ನಿದ್ದೆಗೇಡೋ ಅದನ್ನು ಅದಲುಬದಲು ಮಾಡಬಲ್ಲದು. ದಶಮಾಂಶ ಸ್ಥಾನಗಳು ಹೆಚ್ಚಿದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ. ನಮ್ಮ ಮಕ್ಕಳನೇಕರು ಅಮೆರಿಕದ ವಿಶ್ವವಿದ್ಯಾಲಯಗಳಿಗಾಗಿ ಬರೆಯುವ ಜಿಆರ್‌ಇ ಪರೀಕ್ಷೆಯನ್ನು ಗಮನಿಸಿ. ಅಲ್ಲಿ ಭಾಷೆ, ಗಣಿತ ಎರಡಕ್ಕೂ 130ರಿಂದ 170ರವರೆಗಿನ ಅಂಕವಿದೆ, ಪಕ್ಕದಲ್ಲಿ ಪರ್ಸೆಂಟೈಲ್ ಇದೆ, ತಪ್ಪುತ್ತರಕ್ಕೆ ಕಡಿತವಿಲ್ಲ, ಅಂಕ ಐದು ವರ್ಷ ಊರ್ಜಿತ. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆ ನಡೆಸುವ ಸಂಸ್ಥೆಯೇ ತನ್ನ ಅಂಕದಲ್ಲಿರುವ ಮಾಪನ ದೋಷದ ಅಂದಾಜನ್ನು ಪ್ರಕಟಿಸಿ, ಸಣ್ಣ ವ್ಯತ್ಯಾಸಗಳಿಗೆ ಹೆಚ್ಚಿನ ಅರ್ಥ ಕೊಡಬೇಡಿ ಎಂದು ವಿಶ್ವವಿದ್ಯಾಲಯಗಳಿಗೆ ಹೇಳುತ್ತದೆ. ಈ ಪ್ರಾಮಾಣಿಕತೆ ಅನುಕರಣೀಯ.

ಈಗ ನಮ್ಮ ಹುಡುಗಿಯ ಕಾಗದಕ್ಕೆ ಮರಳೋಣ. ಅದರಲ್ಲಿದ್ದದ್ದು ಒಂದು ಸಂಖ್ಯೆಯಲ್ಲ, ನಾಲ್ಕು. ತರ್ಕದಲ್ಲಿ 96, ಗಣಿತದಲ್ಲಿ 97, ಇಂಗ್ಲಿಷಿನಲ್ಲಿ 71, ಒಟ್ಟಾರೆ 93.40. ಮೂರರ ಸರಾಸರಿ 88 ಆಗುತ್ತದಲ್ಲ ಎಂದು ಓದುಗರು ಕೇಳಬಹುದು. ಒಟ್ಟಾರೆ ಪರ್ಸೆಂಟೈಲ್ ಸರಾಸರಿಯಿಂದ ಬರುವುದಲ್ಲ. ಮೂರೂ ವಿಭಾಗಗಳ ಅಂಕ ಕೂಡಿಸಿ ಮತ್ತೊಮ್ಮೆ ಸಾಲು ನಿಲ್ಲಿಸಿದಾಗ ಸಿಗುವ ಜಾಗ. ನಾವು ನೋಡಿದ್ದು ಆ ದೊಡ್ಡ ಸಂಖ್ಯೆಯನ್ನು ಮಾತ್ರ. ಐಐಎಂಗಳು ನೋಡುವುದು ನಾಲ್ಕನ್ನೂ. ಪ್ರತಿ ವಿಭಾಗಕ್ಕೂ ಕನಿಷ್ಠ ಪರ್ಸೆಂಟೈಲ್ ನಿಗದಿ ಮಾಡುವುದು ಅವುಗಳ ಪದ್ಧತಿ. ಒಂದರಲ್ಲಿ ಎಡವಿದರೆ ಉಳಿದೆರಡರ ಔನ್ನತ್ಯ ಕಾಪಾಡುವುದಿಲ್ಲ. ಇದಾದ ಮೇಲೆ ಹತ್ತನೆಯ ತರಗತಿ, ಪಿಯುಸಿ, ಪದವಿಯ ಅಂಕಗಳು, ಕೆಲಸದ ಅನುಭವ ಇತ್ಯಾದಿಗಳಿಗೆ ಸಂಸ್ಥೆಗೊಂದು ಬಗೆಯ ತೂಕ. ಕ್ಯಾಟ್ ಬಾಗಿಲಿನ ಕೀಲಿಯೆಂದು ನಾವು ತಿಳಿದಿದ್ದೇವೆ. ಅದು ಗೇಟಿನವರೆಗೆ ಕರೆದೊಯ್ಯುವ ಚೀಟಿ ಮಾತ್ರ.

ಇಲ್ಲೊಂದು ಸೂಕ್ಷ್ಮ ಪ್ರಶ್ನೆಯಿದೆ. ಕ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. 204 ಅಂಕಗಳಲ್ಲಿ 72 ಇಂಗ್ಲಿಷ್ ವಿಭಾಗದ್ದು. 24 ಪ್ರಶ್ನೆಗಳ ಪೈಕಿ ಹದಿನಾರು, ನಾಲ್ಕು ದೀರ್ಘ ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ತತ್ತ್ವಶಾಸ್ತ್ರ, ಕಲೆ, ಸಮಾಜಶಾಸ್ತ್ರ ಯಾವುದೂ ಆಗಬಹುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಐಎಎಸ್ ಅಧಿಕಾರಿಯಾಗಬಹುದಾದ ದೇಶದಲ್ಲಿ, ಆಡಳಿತ ನಿರ್ವಹಣೆ ಕಲಿಯಲು ಮಾತ್ರ ಇಂಗ್ಲಿಷಿನ ಹೊಸ್ತಿಲು ಇಷ್ಟು ಎತ್ತರವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೂ ಕ್ಯಾಟ್ ಪತ್ರಿಕೆಯನ್ನು ಕನ್ನಡಕ್ಕೆ ತನ್ನಿ ಎಂದು ನಾನು ಒತ್ತಾಯಿಸುವುದಿಲ್ಲ. ತರಗತಿಯ ಪಾಠ, ಪಠ್ಯ, ಚರ್ಚೆಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಓದಿನ ಸಾಮರ್ಥ್ಯವನ್ನು ಮೊದಲೇ ಅಳೆಯುವುದು ತಪ್ಪಲ್ಲ. ನನ್ನ ಆಕ್ಷೇಪ ಬೇರೆ. ಕನ್ನಡ ಶಾಲೆಯಿಂದ ಬಂದವಳು ಮೂರು ವರ್ಷ ಪದವಿ ಕಾಲೇಜಿನಲ್ಲಿದ್ದಳು. ಆ ಮೂರು ವರ್ಷದಲ್ಲಿ ಒಬ್ಬ ಅಧ್ಯಾಪಕರಾದರೂ ‘ನಿನಗೆ ಅಡ್ಡಿಯಾಗುವುದು ಲೆಕ್ಕವಲ್ಲ, ಓದು, ದಿನಕ್ಕೆ ಎರಡು ಗಂಭೀರ ಲೇಖನ ಓದು’ ಎಂದು ಹೇಳಿದ್ದರೆ ಅವಳಿಗೆ ಸಮಯವಿತ್ತು. ನಿಯಮಗಳು ಗುಟ್ಟಾಗಿರಲಿಲ್ಲ. ಅವಳಿಗೆ ತಿಳಿಯುವಂತೆ ಹೇಳುವವರಿರಲಿಲ್ಲ.

ಸೇವೆಯ ಆರಂಭದ ದಿನಗಳ ಒಂದು ನೆನಪು ನನ್ನನ್ನು ಕಾಡುತ್ತದೆ. 1985ರಲ್ಲಿ ಸಮಗ್ರ ಬೆಳೆ ವಿಮೆ ಯೋಜನೆ ಬಂದಾಗ ಪರಿಹಾರ ನಿರ್ಧಾರವಾಗುತ್ತಿದ್ದುದು ರೈತನ ಸ್ವಂತ ಹೊಲದ ನಷ್ಟದಿಂದಲ್ಲ, ಬೆಳೆ ಕಟಾವು ಪ್ರಯೋಗಗಳಿಂದ ತೆಗೆದ ಇಡೀ ಪ್ರದೇಶದ ಸರಾಸರಿ ಇಳುವರಿಯಿಂದ. ಒಣಗಿದ ಹೊಲದ ಮುಂದೆ ನಿಂತ ರೈತನಿಗೆ ‘ನಿಮ್ಮ ಪ್ರದೇಶದ ಸರಾಸರಿ ಚೆನ್ನಾಗಿದೆ’ ಎಂದು ಹೇಳುವುದು ನಮ್ಮ ಪಾಲಿಗೆ ಬರುತ್ತಿತ್ತು. ಲೆಕ್ಕ ಸರಿಯೇ ಇತ್ತು. ಆದರೆ ತನ್ನ ಭವಿಷ್ಯ ಅಕ್ಕಪಕ್ಕದವರ ಬೆಳೆಯ ಮೇಲೆ ನಿಂತಿದೆ ಎಂಬುದನ್ನು ಬಿತ್ತನೆಗೆ ಮೊದಲು ಅವನಿಗೆ ಯಾರೂ ಹೇಳಿರಲಿಲ್ಲ. ಪರ್ಸೆಂಟೈಲಿನ ಮುಂದೆ ನಿಂತ ಹುಡುಗಿಯ ಮುಖದಲ್ಲಿ ನಾನು ಕಂಡದ್ದು ಆ ರೈತನ ಮುಖವನ್ನೇ.

ಆದ್ದರಿಂದ ಕೆಲವು ಸಲಹೆಗಳು. ಮೊದಲನೆಯದಾಗಿ, ಫಲಿತಾಂಶದ ಕಾಗದದಲ್ಲಿ ಪರ್ಸೆಂಟೈಲಿನ ಪಕ್ಕದಲ್ಲೇ ಪರೀಕ್ಷೆ ಬರೆದವರ ಒಟ್ಟು ಸಂಖ್ಯೆ ಮತ್ತು ಅಭ್ಯರ್ಥಿಯ ಮುಂದಿರುವವರ ಸಂಖ್ಯೆಯನ್ನು ನಮೂದಿಸಬೇಕು. ಇದಕ್ಕೆ ಹೊಸ ಲೆಕ್ಕವೇನೂ ಬೇಡ. ಎರಡನೆಯದಾಗಿ, ಐಐಎಂಗಳು ಸಾರ್ವಜನಿಕ ಸಂಸ್ಥೆಗಳು. ಬೆಂಗಳೂರಿನ ಸಂಸ್ಥೆ 1973ರಿಂದ ಈ ನೆಲದಲ್ಲಿದೆ. ಪರೀಕ್ಷೆ ಮತ್ತು ಆಯ್ಕೆಯ ನಿಯಮಗಳನ್ನು ನಾಲ್ಕು ಪುಟಗಳ ಸರಳ ಕನ್ನಡದಲ್ಲಿ, ಇತರ ಭಾರತೀಯ ಭಾಷೆಗಳಲ್ಲಿ ಪ್ರಕಟಿಸುವುದು ಅವುಗಳಿಗೆ ಭಾರವಾಗಲಾರದು. ಮೂರನೆಯದಾಗಿ, ನಮ್ಮ ಪದವಿ ಕಾಲೇಜುಗಳು ಎರಡನೆಯ ವರ್ಷದಲ್ಲೇ ವಿದ್ಯಾರ್ಥಿಗಳಿಂದ ಒಂದು ಅಣಕು ಪರೀಕ್ಷೆ ಬರೆಸಿ, ಫಲಿತಾಂಶವನ್ನು ವಿಭಾಗವಾರು ಬಿಡಿಸಿ ಹೇಳಬೇಕು. ಇದಕ್ಕೆ ಬೇಕಾಗುವುದು ಕಂಪ್ಯೂಟರ್ ಕೊಠಡಿ ಮತ್ತು ಆಸಕ್ತಿಯುಳ್ಳ ಒಬ್ಬ ಅಧ್ಯಾಪಕ.

ಪೋಷಕರಿಗೂ ಒಂದು ಮಾತು. ‘ನಮ್ಮಲ್ಲಿ ಇಷ್ಟು ಮಂದಿಗೆ 99’ ಎಂಬ ಜಾಹೀರಾತು ಕಂಡಾಗ, ಅಲ್ಲಿ ಹಣ ಕಟ್ಟಿದವರು ಒಟ್ಟು ಎಷ್ಟು ಮಂದಿ ಎಂದು ಕೇಳಿ. ಛೇದವನ್ನು ಮುಚ್ಚಿಟ್ಟು ಅಂಶವನ್ನಷ್ಟೇ ತೋರಿಸುವ ಭಿನ್ನರಾಶಿಯನ್ನು ನಂಬಬೇಡಿ. ಮಕ್ಕಳ ಫಲಿತಾಂಶ ಬಂದಾಗ ನಾಲ್ಕೂ ಸಂಖ್ಯೆಗಳನ್ನು ಓದಿ, ಬೇರೆ ಸಂಸ್ಥೆಗಳ ಅರ್ಜಿಯ ಗಡುವನ್ನು ನೋಡಿ, ನನ್ನಂಥ ನಿವೃತ್ತರ ಸಲಹೆಯನ್ನು ಆಮೇಲೆ ಕೇಳಿ.

ಆ ಹುಡುಗಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಬಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ರಾತ್ರಿ ಗ್ರಂಥಾಲಯದಿಂದ ತಂದ ಪುಸ್ತಕ. 2025ರ ನವೆಂಬರ್ 30ರಂದು ಮತ್ತೆ ಪರೀಕ್ಷೆ ಬರೆದಳು. ಫಲಿತಾಂಶ ಬಂದ ದಿನ ತಂದೆ ಪೊಟ್ಟಣ ತರಲಿಲ್ಲ. ಅವಳೇ ಫೋನ್ ಮಾಡಿದಳು. ‘ಇಂಗ್ಲಿಷ್ ಎಂಬತ್ತೆಂಟಕ್ಕೆ ಬಂದಿದೆ. ಒಟ್ಟು ತೊಂಬತ್ತೈದು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬರೆದಿದ್ದಾರೆ, ಸುಮಾರು ಹನ್ನೆರಡು-ಹದಿಮೂರು ಸಾವಿರ ಜನ ನನ್ನ ಮುಂದಿದ್ದಾರೆ. ಏಳು ಸಂಸ್ಥೆಗಳಿಗೆ ಅರ್ಜಿ ಹಾಕಿದ್ದೇನೆ’ ಎಂದಳು. ನಾನು ಅಭಿನಂದಿಸಿದೆ. ಈ ಬಾರಿ ಸಲಹೆಯನ್ನೇನೂ ಕೊಡಲಿಲ್ಲ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ.